ರಾಕ್ ಗಿಟಾರ್ ಬರುತ್ತದೆ, ಜಾಝ್ ಬ್ಲೂಸ್‌ಗೆ ಕಾರ್ಡ್ ಹಿಡಿಯುವುದನ್ನು ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಸಿನಿಮಾ ಹಾಡು, ರಾಕ್ ನುಡಿಸಿ ಕೈ ಪಳಗಿದೆ. ಇ, ಎ ಕೀಗಳಲ್ಲಿ ಹನ್ನೆರಡು ಬಾರ್‌ನ ಬ್ಲೂಸ್ ಗೊತ್ತು. ಈಗ ಪಿಯಾನೋ, ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್ ಇರುವ ವಾರಾಂತ್ಯದ ಗುಂಪಿಗೆ ಸೇರಿದ್ದೀರಿ. ನೀವು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ನುಡಿಸಿದರೆ ಗಿಜಿಗಿಜಿ ಅನ್ನಿಸುತ್ತದೆ ಅಂತ ಸ್ಯಾಕ್ಸ್‌ನವರು ಹೇಳುತ್ತಾರೆ. ಯಾವ ಕಾರ್ಡ್ ಪುಸ್ತಕ ಕೊಳ್ಳಲಿ, ಜಾಝ್‌ನವರು ಹಿಡಿಯುವ ಟೊಳ್ಳು ಮೈಯ ಹಾಲೋಬಾಡಿ ಗಿಟಾರ್ ಬೇಕೇ ಬೇಕಾ ಅಂತ ಕೇಳಿದ್ದೀರಿ.

ಪುಸ್ತಕ ಸದ್ಯಕ್ಕೆ ಬೇಡ. ಬಿ ಫ್ಲಾಟ್‌ನಲ್ಲಿ ಒಂದೇ ಒಂದು ಬ್ಲೂಸ್ ಹಿಡಿದುಕೊಳ್ಳಿ, ಪ್ರತಿ ಕಾರ್ಡ್‌ನಲ್ಲೂ ಎರಡೇ ಎರಡು ಸ್ವರಗಳ ಬೆನ್ನು ಹತ್ತಿ. ಇದೇನು ಮಕ್ಕಳ ಪಾಠ ಅನ್ನಿಸಬಹುದು. ಆದರೆ "ಕಲಿಯಲೇಬೇಕಾದ ಐವತ್ತು ಜಾಝ್ ಕಾರ್ಡ್" ಥರದ ವಿಡಿಯೋ ನೋಡಿ ಬಂದವರ ಕೈಯಲ್ಲಿ ಐವತ್ತು ಆಕಾರ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಪಕ್ಕವಾದ್ಯ ನುಡಿಸುವವರಿಗೆ ಬೇಕಾದದ್ದು ಆ ದಾರಿಯೇ.

ಬಿ ಫ್ಲಾಟ್ ಯಾಕೆ ಅಂದರೆ, ಟ್ರಂಪೆಟ್, ಟೆನರ್ ಸ್ಯಾಕ್ಸ್ ಎರಡೂ ಬಿ ಫ್ಲಾಟ್ ವಾದ್ಯಗಳು. ಗಿಟಾರ್‌ನವರಿಗೆ ಇ, ಎ ಎಷ್ಟು ಹಿತವೋ ಊದುವವರಿಗೆ ಬಿ ಫ್ಲಾಟ್, ಎಫ್ ಅಷ್ಟು ಹಿತ. ಜಾಮ್‌ನಲ್ಲಿ ಯಾರಾದರೂ "ಬ್ಲೂಸ್ ಆಡೋಣ" ಅಂದರೆ ಹೆಚ್ಚಿನಂಶ ಈ ಎರಡರಲ್ಲಿ ಒಂದು ಬರುತ್ತದೆ. ಖಾಲಿ ತಂತಿಯ ನೆರವು ಇಲ್ಲಿ ಸಿಗುವುದಿಲ್ಲ, ಅದೂ ಒಳ್ಳೆಯದೇ.

ಜಾಝ್‌ನವರು ಸಾಮಾನ್ಯವಾಗಿ ನುಡಿಸುವ ಬ್ಲೂಸ್ ಹೀಗಿರುತ್ತದೆ (♭ ಅಂದರೆ ಫ್ಲಾಟ್, ಗೆರೆಗಳ ನಡುವಿನದು ಒಂದೊಂದು ಬಾರ್):

ಬಿ♭7 | ಇ♭7 | ಬಿ♭7 | ಎಫ್ ಮೈನರ್7 – ಬಿ♭7
ಇ♭7 | ಇ ಡಿಮಿನಿಶ್ಡ್7 | ಬಿ♭7 | ಜಿ7
ಸಿ ಮೈನರ್7 | ಎಫ್7 | ಬಿ♭7 – ಜಿ7 | ಸಿ ಮೈನರ್7 – ಎಫ್7

ನಿಮಗೆ ಗೊತ್ತಿರುವ ಮೂರು ಕಾರ್ಡ್‌ಗಳ ಬ್ಲೂಸ್‌ನ ಅಸ್ಥಿಪಂಜರ ಇದರೊಳಗೇ ಇದೆ. ಐದನೇ ಬಾರ್‌ನಲ್ಲಿ ನಾಲ್ಕನೇ ಕಾರ್ಡ್‌ಗೆ (ಬಿ♭ನಿಂದ ಎಣಿಸಿದರೆ ಇ♭7) ಹೋಗುವುದು, ಏಳರಲ್ಲಿ ಮನೆಗೆ, ಅಂದರೆ ಬಿ♭7ಗೆ, ಬರುವುದು ಎಲ್ಲ ಹಾಗೇ. ಮುಖ್ಯ ವ್ಯತ್ಯಾಸ ಒಂಬತ್ತು, ಹತ್ತನೇ ಬಾರ್‌ಗಳಲ್ಲಿ. ರಾಕ್‌ನಲ್ಲಿ ಐದು–ನಾಲ್ಕು ಅಂತ ಇಳಿಯುತ್ತೀರಿ, ಇಲ್ಲಿ ಎರಡು–ಐದು (ಸಿ ಮೈನರ್7, ಎಫ್7) ಅಂತ ಹೋಗಿ ಮನೆ ಸೇರುತ್ತೀರಿ. ಎಂಟನೇ ಬಾರ್‌ನ ಜಿ7 ಆ ಎರಡಕ್ಕೆ ದಾರಿ ಮಾಡಿಕೊಡುತ್ತದೆ.

ಈಗ ಕೈಗೆ ಬರೋಣ. ಬಿ♭7ಗೆ ಆರನೇ ತಂತಿ, ಅಂದರೆ ದಪ್ಪನೆಯದು, 6ನೇ ಫ್ರೆಟ್. ನಾಲ್ಕನೇ ತಂತಿ 6ನೇ ಫ್ರೆಟ್. ಮೂರನೇ ತಂತಿ 7ನೇ ಫ್ರೆಟ್. ಮೂರೇ ತಂತಿ. ಐದನೆಯದನ್ನು ಆರನೇ ತಂತಿ ಒತ್ತಿದ ಬೆರಳಿನ ತುದಿಯೇ ತಾಗಿ ಮುಚ್ಚಬೇಕು. ತೆಳ್ಳಗಿನ ಎರಡು ತಂತಿಗಳ ಮೇಲೆ ಬೆರಳಿನ ಒಳಭಾಗ ಸುಮ್ಮನೆ ಒರಗಿರಲಿ. ಇದಕ್ಕೆ ಶೆಲ್ ವಾಯ್ಸಿಂಗ್ ಅನ್ನುತ್ತಾರೆ. ರೂಟ್ (ಕಾರ್ಡ್‌ಗೆ ಹೆಸರು ಕೊಡುವ ಸ್ವರ), ಅದರಿಂದ ಎಣಿಸಿದ ಏಳನೆಯದಾದ ಸೆವೆಂತ್, ಮೂರನೆಯದಾದ ಥರ್ಡ್ ಇವೆ, ಐದನೆಯದಾದ ಫಿಫ್ತ್ ಇಲ್ಲ. ಅದು ಇಲ್ಲದಿದ್ದರೂ ಯಾರಿಗೂ ಏನೂ ಕಮ್ಮಿ ಅನ್ನಿಸುವುದಿಲ್ಲ, ಕಾರ್ಡ್‌ನ ಬಣ್ಣವೆಲ್ಲ ಥರ್ಡ್ ಮತ್ತು ಸೆವೆಂತ್‌ನಲ್ಲಿರುತ್ತದೆ. ಬೆನ್ನು ಹತ್ತಿ ಅಂದ ಆ ಎರಡು ಸ್ವರ ಇವೇ.

ಇ♭7ಗೆ ಐದನೇ ತಂತಿ 6ನೇ ಫ್ರೆಟ್, ನಾಲ್ಕನೆಯದು 5, ಮೂರನೆಯದು 6. ಬಿ♭7ನಿಂದ ಇಲ್ಲಿಗೆ ಬರುವಾಗ ನಾಲ್ಕು ಮತ್ತು ಮೂರನೇ ತಂತಿಗಳಲ್ಲಿ ಏನಾಯಿತು ನೋಡಿ: ಎರಡೂ ಬೆರಳು ಒಂದೊಂದು ಫ್ರೆಟ್ ಕೆಳಗೆ ಜಾರಿದವು, ಅಷ್ಟೇ. ಹಾರಿದ್ದು ಬಾಸ್ ಸ್ವರ ಮಾತ್ರ. ನೀವು ರಾಕ್‌ನಲ್ಲಿ ಮಾಡುವ ಹಾಗೆ ಇಡೀ ಬ್ಯಾರೆ ಕಾರ್ಡ್ ಎತ್ತಿ ಐದು ಫ್ರೆಟ್ ಆಚೆ ಇಟ್ಟರೆ ಕೇಳುವವರಿಗೆ ಇಡೀ ಗಿಟಾರ್ ಜಿಗಿದಂತೆ ಕೇಳಿಸುತ್ತದೆ. ಸೋಲೋ ನುಡಿಸುವವರ ಕಾಲಡಿಯ ನೆಲ ಅಲ್ಲಾಡುತ್ತದೆ.

ಮನೆಯಲ್ಲಿ ಕರ್ನಾಟಕ ಸಂಗೀತ ಕೇಳಿ ಬೆಳೆದಿದ್ದರೆ ಈ ಜಾರುವಿಕೆ ಕಿವಿಗೆ ಬೇಗ ಸಿಗುತ್ತದೆ. ಬಿ ಫ್ಲಾಟ್ ಅನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಮೊದಲ ಕಾರ್ಡ್‌ನ ಆ ಎರಡು ಸ್ವರಗಳು ಅಂತರ ಗಾಂಧಾರ ಮತ್ತು ಕೈಶಿಕಿ ನಿಷಾದ. ಎರಡನೇ ಕಾರ್ಡ್‌ಗೆ ಹೋದ ಕೂಡಲೇ ಗಾಂಧಾರ ಸಾಧಾರಣ ಗಾಂಧಾರಕ್ಕೆ ಇಳಿಯುತ್ತದೆ, ನಿಷಾದ ಚತುಶ್ರುತಿ ಧೈವತಕ್ಕೆ. ಬ್ಲೂಸ್‌ನ ಖಾರ ಇರುವುದೇ ಆ ಎರಡು ಗಾಂಧಾರಗಳ ಜಗ್ಗಾಟದಲ್ಲಿ. ಹಾಡುವವರು ಇವೆರಡರ ನಡುವೆ ಎಲ್ಲೋ ನಿಲ್ಲುತ್ತಾರೆ. ಕಾರ್ಡ್ ನುಡಿಸುವಾಗ ನಮಗೆ ಆ ಭಾಗ್ಯ ಇಲ್ಲ, ಒಂದರಿಂದ ಇನ್ನೊಂದಕ್ಕೆ ಸರಿಯಾದ ಹೊತ್ತಿಗೆ ಇಳಿದರೆ ಸಾಕು. ಷಡ್ಜವನ್ನು ಶ್ರುತಿಪೆಟ್ಟಿಗೆಯಲ್ಲಿ ಇಟ್ಟುಕೊಂಡು ಈ ಎರಡು ಸಾಲುಗಳನ್ನು ಬಾಯಲ್ಲಿ ಹಾಡಿ ನೋಡಿ. ಹಾಡಲು ಬಂದದ್ದು ಕೈಗೂ ಬರುತ್ತದೆ.

ಐದರಿಂದ ಏಳನೇ ಬಾರ್‌ವರೆಗಿನ ದಾರಿ ನನಗೆ ಇಡೀ ಬ್ಲೂಸ್‌ನಲ್ಲೇ ಬಲು ಇಷ್ಟ. ಇ♭7 ಹಿಡಿದಿದ್ದೀರಿ, ಐದನೇ ತಂತಿಯ 6ನೇ ಫ್ರೆಟ್‌ನಲ್ಲಿ ಬಾಸ್ ಇದೆ. ಮೇಲಿನ ಎರಡು ಸ್ವರಗಳನ್ನು ಅಲುಗಿಸದೆ ಬಾಸ್ ಅನ್ನು 7ನೇ ಫ್ರೆಟ್‌ಗೆ ಏರಿಸಿ. ಇ ಡಿಮಿನಿಶ್ಡ್ ಬಂತು. ಹೆಸರು ಕೇಳಿ ಹೆದರುವ ಕಾರ್ಡ್ ಇಷ್ಟೇ. ಏಳನೇ ಬಾರ್‌ನಲ್ಲಿ ಬಾಸ್ ಇನ್ನೊಂದು ಫ್ರೆಟ್ ಏರಿ 8ಕ್ಕೆ ಬರಲಿ, ನಾಲ್ಕನೇ ತಂತಿ 6, ಮೂರನೆಯದು 7. ಅದು ಎಫ್ ಅನ್ನು ಬುಡದಲ್ಲಿಟ್ಟುಕೊಂಡ ಬಿ♭7. ಬಾಸ್ ಶುದ್ಧ ಮಧ್ಯಮ, ಪ್ರತಿ ಮಧ್ಯಮ, ಪಂಚಮ ಅಂತ ಮೆಟ್ಟಿಲು ಹತ್ತುತ್ತದೆ, ಮೇಲಿನ ಜೋಡಿ ಮಾತ್ರ ಇದ್ದಲ್ಲೇ ಇದ್ದು ಕೊನೆಗೆ ಒಂದು ಫ್ರೆಟ್ ಸರಿದು ಮನೆ ಸೇರುತ್ತದೆ.

ಉಳಿದವು: ಜಿ7ಗೆ ಆರನೇ ತಂತಿ 3, ನಾಲ್ಕನೆಯದು 3, ಮೂರನೆಯದು 4. ಸಿ ಮೈನರ್7ಗೆ ಐದನೇ ತಂತಿ 3, ನಾಲ್ಕನೆಯದು 1, ಮೂರನೆಯದು 3. ಎಫ್7ಗೆ ಆರನೇ ತಂತಿ 1, ನಾಲ್ಕನೆಯದು 1, ಮೂರನೆಯದು 2. ನಾಲ್ಕನೇ ಬಾರ್‌ನ ಎಫ್ ಮೈನರ್7ಗೆ ಐದನೇ ತಂತಿ 8, ನಾಲ್ಕನೆಯದು 6, ಮೂರನೆಯದು 8. ಅಲ್ಲಿಂದ ಬಿ♭7ಗೆ ಬರುವಾಗ ನಾಲ್ಕನೇ ತಂತಿ ಇದ್ದಲ್ಲೇ ಇರುತ್ತದೆ, ಮೂರನೆಯದು ಒಂದು ಫ್ರೆಟ್ ಇಳಿಯುತ್ತದೆ. ಸಿ ಮೈನರ್7ನಿಂದ ಎಫ್7ಗೂ ಇದೇ ಆಟ.

ಇಷ್ಟು ಕೈಗೆ ಕೂತ ಮೇಲೆ ಬಲಗೈಯ ವಿಷಯ. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ಕೆಲಸ ಅಲ್ಲೇ ಇದೆ, ನಿಮ್ಮ ಗಿಜಿಗಿಜಿಯ ಮೂಲವೂ ಬಹುಶಃ ಅಲ್ಲೇ. ಮೇಲೆ–ಕೆಳಗೆ ಎಡೆಬಿಡದೆ ಸ್ಟ್ರಮ್ ಮಾಡುವ ಅಭ್ಯಾಸವನ್ನು ಮನೆಯಲ್ಲೇ ಬಿಟ್ಟು ಹೋಗಿ.

ಫ್ರೆಡ್ಡಿ ಗ್ರೀನ್ ಅನ್ನುವ ಗಿಟಾರ್ ವಾದಕರ ಹೆಸರು ಕೇಳಿರಬಹುದು. 1937ರಲ್ಲಿ ಕೌಂಟ್ ಬೇಸಿಯ ಜಾಝ್ ಆರ್ಕೆಸ್ಟ್ರಾ ಸೇರಿದರು, ಹೆಚ್ಚುಕಮ್ಮಿ 1987ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ನುಡಿಸಿದರು. ಸೋಲೋ ಅನ್ನುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅಷ್ಟು ದೊಡ್ಡ ಬ್ರಾಸ್ ತಂಡದ ನಡುವೆ ಆಂಪ್ಲಿಫೈಯರ್ ಇಲ್ಲದ ಗಿಟಾರ್‌ನಲ್ಲಿ ಒಂದು ಬಾರ್‌ಗೆ ನಾಲ್ಕು ಬಡಿತ, ನಾಲ್ಕೂ ಕೆಳಮುಖವಾಗಿ. ಅವರ ನುಡಿಸಾಣಿಕೆಯನ್ನು ಬಿಡಿಸಿ ಕೇಳಿದವರು ಎಷ್ಟೋ ಕಡೆ ನಾಲ್ಕನೇ ತಂತಿಯ ಒಂದೇ ಸ್ವರ ಕೇಳಿಸುತ್ತದೆ ಅನ್ನುತ್ತಾರೆ. ನೀವೂ ಮೊದಲು ಶೆಲ್‌ಗಳನ್ನು ಇದೇ ರೀತಿ ನುಡಿಸಿ. ಪ್ರತಿ ಬಡಿತದ ನಂತರ ಎಡಗೈಯ ಹಿಡಿತ ಸಡಿಲಿಸಿ, ಬೆರಳು ತಂತಿ ಬಿಡಬಾರದು, ನಾದ ಮಾತ್ರ ನಿಲ್ಲಬೇಕು. ಎರಡು ಮತ್ತು ನಾಲ್ಕನೇ ಬೀಟ್ ಒಂದು ಚೂರು ಗಿಡ್ಡವಾಗಿ, ಚುರುಕಾಗಿ ಬರಲಿ. ಮೆಟ್ರೊನೋಮ್ ಅನ್ನು 50ಕ್ಕೆ ಇಟ್ಟು ಅದರ ಟಿಕ್ ಅನ್ನು ಎರಡು, ನಾಲ್ಕು ಅಂತ ಎಣಿಸಿ. ಅಂದರೆ ನಿಮ್ಮ ಟೆಂಪೊ 100. ಒಂದು ಮತ್ತು ಮೂರನ್ನು ಕೊಡುವವರು ಯಾರೂ ಇಲ್ಲದಾಗ ನಮ್ಮ ಕಾಲಜ್ಞಾನ ಎಷ್ಟಿದೆ ಅಂತ ಗೊತ್ತಾಗಿಬಿಡುತ್ತದೆ.

ಆಮೇಲೆ ಚಾರ್ಲ್ಸ್‌ಟನ್ ಲಯ. ಒಂದನೇ ಬೀಟ್ ಮೇಲೆ ಒಂದು ಬಡಿತ, ಎರಡನೇ ಬೀಟ್ ಕಳೆದು ಮೂರು ಬರುವ ಮುಂಚೆ ಇನ್ನೊಂದು, ಮಿಕ್ಕದ್ದು ಮೌನ. ಸ್ವಿಂಗ್‌ನಲ್ಲಿ, ಅಂದರೆ ಜಾಝ್‌ನ ತೂಗುವ ಲಯದಲ್ಲಿ, ಆ "ಮುಂಚೆ" ಎಲ್ಲಿ ಬರುತ್ತದೆ ಅನ್ನುವುದಕ್ಕೆ ನಮ್ಮ ಹತ್ತಿರ ಒಳ್ಳೆಯ ಅಳತೆಗೋಲಿದೆ: ತಿಶ್ರ ನಡೆ. ಪ್ರತಿ ಬೀಟ್‌ಗೆ ಒಂದು "ತಕಿಟ" ಹೇಳಿಕೊಳ್ಳುತ್ತಾ ತಾಳ ಹಾಕಿ. ಮೊದಲ ತಕಿಟದ "ತ" ಮೇಲೆ ಒಂದು ಕಾರ್ಡ್, ಎರಡನೇ ತಕಿಟದ "ಟ" ಮೇಲೆ ಇನ್ನೊಂದು. ಟೆಂಪೊ ಏರಿದಂತೆ ಈ "ಟ" ಸ್ವಲ್ಪ ಬೇಗನೇ ಬಿದ್ದು ಬೀಟ್‌ನ ನಡುಮಧ್ಯದ ಕಡೆಗೆ ಬರುತ್ತದೆ; ಅದನ್ನು ಲೆಕ್ಕದಿಂದ ಕಲಿಯಲು ಹೋಗಬೇಡಿ, ರೆಕಾರ್ಡಿಂಗ್ ಕೇಳಿ ಡ್ರಮ್ಮರ್‌ನ ರೈಡ್ ಸಿಂಬಲ್ ಜೊತೆ ಬಾಯಲ್ಲಿ ಹೇಳಿಕೊಳ್ಳಿ. ಇದೇ ಎರಡು ಬಡಿತವನ್ನು ಆಮೇಲೆ ಎರಡನೇ ಬೀಟ್‌ನಿಂದ ಶುರು ಮಾಡಿ, ಮೂರರಿಂದ ಶುರು ಮಾಡಿ. ಹೊಸ ಕಾರ್ಡ್ ಒಂದೂ ಕಲಿಯದೆ ಒಂದು ತಿಂಗಳಿಗಾಗುವಷ್ಟು ಸಾಮಗ್ರಿ ಇದರಲ್ಲಿದೆ.

ಬಾಸ್ ವಾದಕರಿದ್ದರೆ ರೂಟ್ ಅವರಿಗೇ ಬಿಡಿ. ಆರನೇ, ಐದನೇ ತಂತಿಯಿಂದ ಬೆರಳು ತೆಗೆದು ಆ ಎರಡು ಸ್ವರಗಳ ಮೇಲೆ ಎರಡನೇ ತಂತಿಯ ಒಂದು ಸ್ವರ ಸೇರಿಸಿ. ಬಿ♭7ಗೆ 8ನೇ ಫ್ರೆಟ್, ಆಗ ಅದು ಬಿ♭13. ಇ♭7ಗೆ 6ನೇ ಫ್ರೆಟ್, ಅದು ಇ♭9. ಜಿ7ಗೆ 4, ಸಿ ಮೈನರ್7ಗೆ 3, ಎಫ್7ಗೆ 1. ಈ ಮೇಲಿನ ಸ್ವರಗಳನ್ನಷ್ಟೇ ಇದೇ ಕ್ರಮದಲ್ಲಿ ನುಡಿಸಿ: ದ, ಪ, ಮ, ಗ, ರಿ. ಕಾರ್ಡ್ ಬದಲಾಯಿಸುತ್ತಾ ಹೋದಂತೆ ಮೇಲೊಂದು ಅವರೋಹಣ ತನ್ನಷ್ಟಕ್ಕೆ ಹಾಡುತ್ತಿರುತ್ತದೆ. ಒಳ್ಳೆಯ ಕಾಂಪಿಂಗ್ (ಸೋಲೋಗೆ ಕಾರ್ಡ್‌ಗಳ ಪಕ್ಕವಾದ್ಯ) ಕೇಳಿದಾಗ ನಮ್ಮ ಕಿವಿ ಹಿಡಿಯುವುದು ಈ ಮೇಲಿನ ಸಾಲನ್ನೇ. ಅಂದಹಾಗೆ ನೀವು ಹುಡುಕುತ್ತಿದ್ದ "ಜಾಝ್ ಕಾರ್ಡ್‌ಗಳು" ಇವೇ. ಪುಸ್ತಕದಲ್ಲಿ ಇವಕ್ಕೆ ದೊಡ್ಡ ದೊಡ್ಡ ಹೆಸರು ಇರುತ್ತವೆ.

ಕೇಳುವುದಕ್ಕೆ ಮೂರು ಸಾಕು. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ "ಕೈಂಡ್ ಆಫ್ ಬ್ಲೂ" (1959) ಆಲ್ಬಮ್‌ನಲ್ಲಿರುವ "ಫ್ರೆಡ್ಡಿ ಫ್ರೀಲೋಡರ್" ಬಿ ಫ್ಲಾಟ್ ಬ್ಲೂಸ್, ಪಿಯಾನೋದಲ್ಲಿ ವಿಂಟನ್ ಕೆಲಿ. ಅದರ ಮುಖ್ಯ ಧಾಟಿಯ ಹನ್ನೊಂದು, ಹನ್ನೆರಡನೇ ಬಾರ್‌ನಲ್ಲಿ ಬಿ♭7 ಇಲ್ಲ, ಎ♭7 ಇದೆ. ನಾನು ಕೊಟ್ಟ ನಕ್ಷೆಯನ್ನು ಕಣ್ಣುಮುಚ್ಚಿ ನುಡಿಸಿದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಯಾವುದೇ ಬ್ಲೂಸ್‌ಗೆ ಮೊದಲು ಒಂದು ಸುತ್ತು ಸುಮ್ಮನೆ ಕೇಳಿ ಆಮೇಲೆ ಕೈ ಇಡುವುದು ಇದಕ್ಕೇ. ಇನ್ನೊಂದು, ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಜೊತೆ ಕೆನ್ನಿ ಬರೆಲ್ ಗಿಟಾರ್ ನುಡಿಸಿರುವ, 1960ರಲ್ಲಿ ಧ್ವನಿಮುದ್ರಣವಾದ "ಬ್ಯಾಕ್ ಅಟ್ ದ ಚಿಕನ್ ಶ್ಯಾಕ್". ಆರ್ಗನ್ ಇರುವಲ್ಲಿ ಗಿಟಾರ್‌ಗೆ ಉಳಿಯುವ ಜಾಗ ಎಷ್ಟು ಕಮ್ಮಿ, ಅದನ್ನು ಎಷ್ಟು ಜಾಣತನದಿಂದ ಬಳಸಬಹುದು ಅಂತ ಗೊತ್ತಾಗುತ್ತದೆ. ಮೂರನೆಯದು ಸ್ಯಾಕ್ಸ್ ವಾದಕ ಸನ್ನಿ ರಾಲಿನ್ಸ್‌ರ "ದ ಬ್ರಿಜ್" (1962). ಅಲ್ಲಿ ಪಿಯಾನೋ ಇಲ್ಲ, ಕಾರ್ಡ್‌ಗಳ ಹೊಣೆಯೆಲ್ಲ ಗಿಟಾರ್‌ನ ಜಿಮ್ ಹಾಲ್ ಅವರದೇ. ಅಷ್ಟಿದ್ದೂ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನುವುದನ್ನು ಗಮನಿಸಿ.

ಮನೆಯಲ್ಲಿ ಅಭ್ಯಾಸಕ್ಕೆ ಪಕ್ಕವಾದ್ಯ ನುಡಿಸಿಕೊಡುವ ಐರಿಯಲ್ ಪ್ರೊ ಥರದ ಆ್ಯಪ್ ಒಳ್ಳೆಯದೇ, ಪಿಯಾನೋ ಸದ್ದು ಇಳಿಸಿ ಬಾಸ್, ಡ್ರಮ್ಸ್ ಮಾತ್ರ ಇಟ್ಟುಕೊಳ್ಳಿ. ಅದಕ್ಕಿಂತ ಒಳ್ಳೆಯದು ನಿಮ್ಮದೇ ಕಾರ್ಡ್‌ಗಳನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅದರ ಮೇಲೆ ನೀವೇ ಸೋಲೋ ನುಡಿಸುವುದು. ಸ್ಯಾಕ್ಸ್‌ನವರು ಏನು ಅನುಭವಿಸುತ್ತಿದ್ದಾರೆ ಅಂತ ತಕ್ಷಣ ಅರಿವಾಗುತ್ತದೆ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಹಾಲೋಬಾಡಿ ಗಿಟಾರ್ ಬೇಕಾಗಿಲ್ಲ. ಕೆನಡಾದ ಜಾಝ್ ಗಿಟಾರ್ ವಾದಕ ಎಡ್ ಬಿಕರ್ಟ್ ಎಂಥ ನವಿರಾದ ಕಾರ್ಡ್ ನುಡಿಸುತ್ತಿದ್ದರು, ಅದೂ ಟೆಲಿಕಾಸ್ಟರ್ ಅನ್ನುವ ಗಟ್ಟಿ ಮೈಯ ಗಿಟಾರ್‌ನಲ್ಲಿ. ನಿಮ್ಮ ಗಿಟಾರ್‌ನಲ್ಲೇ ನೆಕ್ ಪಿಕಪ್ ಹಾಕಿ, ಟೋನ್ ಸ್ವಲ್ಪ ಇಳಿಸಿ, ಡಿಸ್ಟಾರ್ಷನ್ ಪೂರ್ತಿ ತೆಗೆದುಬಿಡಿ. ಆ ದುಡ್ಡಿದ್ದರೆ ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ ಜಾಗದಲ್ಲಿ ಜಾಝ್ ಇರುವ ದಿನ ಗಿಟಾರ್‌ನವರ ಎಡಗೈ ಕಾಣುವ ಕಡೆ ಟಿಕೆಟ್ ತೆಗೆದುಕೊಳ್ಳಿ (ಬೆಂಗಳೂರಿನ ಸುತ್ತಮುತ್ತ ಇದ್ದೀರಿ ಅಂದುಕೊಂಡು ಹೇಳುತ್ತಿದ್ದೇನೆ).

ಕೊನೆಗೆ ಪಿಯಾನೋ ವಿಷಯ, ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳದೆ ಸರಿಹೋಗುವುದಿಲ್ಲ. ಇಬ್ಬರೂ ಒಟ್ಟಿಗೆ ಮನಸ್ಸಿಗೆ ಬಂದ ಕಡೆ ಕಾರ್ಡ್ ಎಸೆಯುತ್ತಿದ್ದರೆ ನೀವು ಎಷ್ಟೇ ಚೆನ್ನಾಗಿ ನುಡಿಸಿದರೂ ಗಿಜಿಗಿಜಿಯೇ. ಮುಂದಿನ ವಾರ ಶುರುವಾಗುವ ಮುಂಚೆ ಪಿಯಾನೋದವರ ಹತ್ತಿರ ಹೋಗಿ ಕೇಳಿ: "ಸ್ಯಾಕ್ಸ್ ಸೋಲೋಗೆ ನೀವು ಕಾರ್ಡ್ ಕೊಡಿ, ನಾನು ಬಾರ್‌ಗೆ ನಾಲ್ಕು ಬಡಿತ ಮಾತ್ರ ಮೆಲ್ಲಗೆ ನುಡಿಸುತ್ತೇನೆ ಅಥವಾ ಸುಮ್ಮನಿರುತ್ತೇನೆ. ನಿಮ್ಮ ಸೋಲೋ ಬಂದಾಗ ಒಂದೆರಡು ಸುತ್ತು ನಾನು ಕಾಂಪ್ ಮಾಡಲಾ?" ಹೀಗೆ ಕೇಳಿದರೆ ಯಾರೂ ಬೇಡ ಅನ್ನಲಿಕ್ಕಿಲ್ಲ. ಅವರು ಸೋಲೋಗೆ ಬಂದಾಗ ಆರಂಭದ ಸುತ್ತಿನಲ್ಲಿ ಎರಡೇ ಸ್ವರ, ಚಾರ್ಲ್ಸ್‌ಟನ್ ಒಂದೇ ಲಯ. ಎರಡನೇ ತಂತಿಯ ಆ ಮೇಲಿನ ಸ್ವರವನ್ನು ಅವರ ಕೈ ಕೀಬೋರ್ಡ್‌ನ ಎಡಭಾಗಕ್ಕೆ ಇಳಿದಾಗ ಮಾತ್ರ ಹಾಕಿ.