ಸೂಜಿ ಚುಚ್ಚಿದ್ದಕ್ಕೇ ಕ್ಯಾನ್ಸರ್ ಹರಡಿತಾ?

ಪ್ರಶ್ನೆ: ಮೇಡಂ, ನಮ್ಮತ್ತೆ ಮೊದಲಿನಿಂದಲೂ ತಂಬಾಕಿಗೆ ಸುಣ್ಣ ತಿಕ್ಕಿ ದವಡೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೆನ್ನೆಯ ಒಳಗೆ ಹುಣ್ಣಾಯಿತು. ಸೂಜಿ ಹಾಕಿ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಬೇಕೆಂದಾಗ ನೆಂಟರೆಲ್ಲ, 'ಕೆದಕಿದ್ರ ಹರಡತೈತಿ, ಬ್ಯಾಡ' ಅಂದರು. ಕೊನೆಗೆ ಮಾಡಿಸಿ, ಆಪರೇಷನ್ನೂ ಆಯಿತು. ರಿಪೋರ್ಟಿನಲ್ಲಿ 'ಡೆಪ್ತ್ ಆಫ್ ಇನ್ವೇಷನ್ 8 ಮಿ.ಮೀ.' ಅಂತಿದೆ. ಕುತ್ತಿಗೆಯ ಒಂದು ಗಂಟಿಗೂ ಹರಡಿದೆಯಂತೆ. ಇದು ಸೂಜಿಯಿಂದಲೇ ಆಯಿತಾ? ಕ್ಯಾನ್ಸರ್ ಕೋಶಕ್ಕೇನು ಕಾಲಿದೆಯಾ, ಕೆನ್ನೆಯಿಂದ ಕುತ್ತಿಗೆಗೆ ಹೋಗಲು?
— ಓದುಗರು, ಸಿಂಧನೂರು

ಉತ್ತರ: ಮೊದಲು ಸೂಜಿಯ ವಿಷಯ ಮುಗಿಸಿಬಿಡೋಣ. ಬಳ್ಳಾರಿಯಲ್ಲಿ ದಿನವೂ ಇಂಥ ಚೂರುಗಳ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ನನ್ನ ಕೆಲಸ. ತಡವಾಗಿ ಬಂದವರ ಮನೆಯವರಿಂದ ನಿಮ್ಮ ನೆಂಟರ ಮಾತನ್ನೇ ಎಷ್ಟೋ ಸಲ ಕೇಳಿದ್ದೇನೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ಉಳಿಯುವುದು ಇಲ್ಲವೇ ಇಲ್ಲ ಎನ್ನುವುದಿಲ್ಲ, ಆದರೆ ಅದು ತೀರಾ ಅಪರೂಪ. ಆ ಭಯಕ್ಕೆ ಬಯಾಪ್ಸಿ ಮುಂದೂಡಿದರೆ ಆಗುವ ನಷ್ಟವೇ ಜಾಸ್ತಿ. ಬಾಯಿಯ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ಹೋಗುವುದೇ ಕುತ್ತಿಗೆಯ ಗಂಟುಗಳಿಗೆ, ಸೂಜಿ ಹಾಕಿಸಿರಲಿ ಬಿಡಲಿ. ನೆಂಟರು ಮತ್ತೆ ಈ ಮಾತು ಎತ್ತಿದರೆ ಇದನ್ನೇ ಓದಿ ಹೇಳಿ.

ಇನ್ನು ಆ 8 ಮಿ.ಮೀ. ಗೆಡ್ಡೆ ಮೇಲ್ಪದರ ದಾಟಿ ಎಷ್ಟು ಆಳಕ್ಕೆ ಇಳಿದಿದೆ ಅನ್ನುವ ಲೆಕ್ಕ ಅದು. 5 ಮಿ.ಮೀ. ದಾಟಿತಾ, 10 ದಾಟಿತಾ ಎಂದು ನಾವು ಅಳೆಯುತ್ತೇವೆ, ಹಂತ ಹೇಳುವಾಗ ಅದನ್ನೂ ಸೇರಿಸುತ್ತೇವೆ. ಅಷ್ಟು ಆಳಕ್ಕೆ ಕೋಶಗಳು ಇಳಿದದ್ದು ಹೇಗೆ ಅಂತ ಕೇಳಿದರೆ, ನಿಮ್ಮ 'ಕಾಲಿನ' ಪ್ರಶ್ನೆಗೆ ಬಂದ ಹಾಗಾಯಿತು.

ಪ್ರತಿ ಜೀವಕೋಶದ ಒಳಗೂ ಪ್ರೊಟೀನಿನ ಎಳೆಗಳಿರುತ್ತವೆ. ಅದರ ಆಕಾರ, ಬಿಗಿ, ಓಡಾಟ ಎಲ್ಲ ಇವುಗಳ ಕೈಯಲ್ಲಿ. ಮುಖ್ಯವಾಗಿ ಮೂರು ಬಗೆ. ಸುಮಾರು 7 ನ್ಯಾನೋಮೀಟರ್ (ಒಂದು ಮಿ.ಮೀ.ನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ದಪ್ಪದ ಆಕ್ಟಿನ್, 10ರ ಆಸುಪಾಸಿನ ಕೆರಾಟಿನ್ ಗುಂಪಿನವು, 25 ನ್ಯಾನೋಮೀಟರಿನ ಟೊಳ್ಳು ಕೊಳವೆಗಳಾದ ಮೈಕ್ರೋಟ್ಯೂಬ್ಯೂಲ್.

ಕೆನ್ನೆಯ ಕೋಶದಲ್ಲಿ ಕೆರಾಟಿನ್ ತುಂಬಿರುತ್ತದೆ. ಬಾಯಿ ಕ್ಯಾನ್ಸರಿನ ಸ್ಲೈಡಿನಲ್ಲಿ ಎಷ್ಟೋ ಸಲ ಅದು ಗುಲಾಬಿ ಬಣ್ಣದ ದುಂಡು ಸುರುಳಿಗಳಾಗಿ ಕಾಣುತ್ತದೆ, ಪದರದ ಮೇಲೆ ಪದರ. ನೋಡಲು ಚೆಂದವೇ! ಅವು ಇದ್ದರೆ ಕೋಶಗಳು ತಮ್ಮ ಹಳೇ ಕೆಲಸ ಪೂರ್ತಿ ಮರೆತಿಲ್ಲ ಅಂತ ಅರ್ಥ. ನಾನು ಹೆಚ್ಚು ಹೊತ್ತು ನೋಡುವುದು ಗೆಡ್ಡೆಯ ಅಂಚನ್ನು. ಅಲ್ಲಿ ಒಂದೊಂದೇ ಕೋಶ, ಇಲ್ಲವೇ ಎರಡು, ಮೂರು, ನಾಲ್ಕು ಸೇರಿ ಗುಂಪು ಬಿಟ್ಟು ಮಾಂಸದೊಳಗೆ ನುಗ್ಗಿರುತ್ತವೆ. ಇಂಥವು ಜಾಸ್ತಿ ಇದ್ದಷ್ಟೂ ಕುತ್ತಿಗೆಯ ಗಂಟಿನ ಬಗ್ಗೆ ಅನುಮಾನ ಜಾಸ್ತಿ.

ಹೀಗೆ ಹೊರಡುವ ಮುಂಚೆ ಕೋಶದೊಳಗೆ ಒಂದಿಷ್ಟು ಬದಲಾವಣೆ ಆಗಿರುತ್ತದೆ. ಪಕ್ಕದ ಕೋಶಕ್ಕೆ ಅಂಟಿಸಿ ಹಿಡಿದಿರುವ ಇ-ಕ್ಯಾಡ್ಹೆರಿನ್ ಎಂಬ ಪ್ರೊಟೀನು ಕಡಿಮೆಯಾಗುತ್ತದೆ. ಕೆಲವು ಕೋಶಗಳಲ್ಲಿ ಕೆರಾಟಿನ್ ಇಳಿದು ವೈಮೆಂಟಿನ್ ಎಂಬ ಇನ್ನೊಂದು ಎಳೆ ಹೆಚ್ಚುತ್ತದೆ. ಆಮೇಲೆ ಆಕ್ಟಿನ್ ಕೆಲಸ. ಮುಂದಿನ ಅಂಚಿನಲ್ಲಿ ಆಕ್ಟಿನ್ ಎಳೆಗಳು ಕವಲೊಡೆದು ಬೆಳೆದು ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ. ಆ ಭಾಗ ನೆಲ ಹಿಡಿಯುತ್ತದೆ. ಹಿಂದೆ ಮಯೋಸಿನ್ ಎಂಬ ಪ್ರೊಟೀನು ಆಕ್ಟಿನನ್ನು ಎಳೆದು ಬಾಲ ಬಿಡಿಸುತ್ತದೆ. ನಾವು ತೋಳು ಮಡಚುವುದೂ ಈ ಆಕ್ಟಿನ್–ಮಯೋಸಿನ್ ಜೋಡಿಯಿಂದಲೇ. ದಾರಿ ಇಲ್ಲದ ಕಡೆ ಕೋಶ ಆಕ್ಟಿನ್ ತುಂಬಿದ ಸಣ್ಣ ಮೊನೆಗಳನ್ನು ಚಾಚಿ, ಅವುಗಳ ತುದಿಯಲ್ಲಿ ಕೊಲಾಜೆನ್ (ಕೋಶಗಳ ಸುತ್ತ ಇರುವ ಗಟ್ಟಿ ನಾರು) ಕರಗಿಸುವ ಕಿಣ್ವಗಳನ್ನು ಇಟ್ಟು ದಾರಿ ಮಾಡಿಕೊಳ್ಳುತ್ತದೆ. ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು ಗಟ್ಟಿಯಾದ ಕೋಶಕೇಂದ್ರ. ಉಳಿದದ್ದೆಲ್ಲ ಹೇಗೋ ನುಸುಳುತ್ತದೆ.

ಹಾಗಂತ ಕೆನ್ನೆಯಿಂದ ಕುತ್ತಿಗೆವರೆಗೂ ನಡೆದೇ ಹೋಗುತ್ತದೆ ಅಂದುಕೊಳ್ಳಬೇಡಿ. ಕೂದಲೆಳೆಯಷ್ಟು ಅಗಲ ದಾಟಲೂ ಅದಕ್ಕೆ ಗಂಟೆಗಟ್ಟಲೆ ಬೇಕಾಗುತ್ತದೆ. ಹೊಲದಿಂದ ರಸ್ತೆವರೆಗೆ ನಡೆದು ಆಮೇಲೆ ಬಸ್ ಹತ್ತಿದ ಹಾಗೆ, ಹತ್ತಿರದ ದುಗ್ಧನಾಳ (ಅಂಗಾಂಶದ ದ್ರವವನ್ನು ಗಂಟುಗಳಿಗೆ ಒಯ್ಯುವ ಸಣ್ಣ ನಾಳ) ಸಿಗುವವರೆಗೆ ಮಾತ್ರ ನಡಿಗೆ. ಅಲ್ಲಿಂದ ನಾಳದ ದ್ರವವೇ ಗಂಟಿಗೆ ತಲುಪಿಸುತ್ತದೆ. ರಕ್ತಕ್ಕೆ ಸೇರಿದ ಕೋಶಗಳಲ್ಲಂತೂ ಬಹುಪಾಲು ದಾರಿಯಲ್ಲೇ ಸಾಯುತ್ತವೆ.

ಹಾಗಾದರೆ ಆಕ್ಟಿನನ್ನೇ ನಿಲ್ಲಿಸುವ ಔಷಧಿ ಕೊಡಬಾರದಾ ಅಂತ ನೀವು ಕೇಳಬಹುದು. ಹೃದಯ ಬಡಿಯುವುದಕ್ಕೂ ಆಕ್ಟಿನ್ ಬೇಕು, ಗಾಯ ಮಾಯುವುದಕ್ಕೂ ಬೇಕು, ಸೋಂಕಿನ ಕಡೆಗೆ ಬಿಳಿ ರಕ್ತಕಣ ಓಡುವುದಕ್ಕೂ ಬೇಕು. ಕ್ಯಾನ್ಸರ್ ಹೊಸ ಯಂತ್ರವನ್ನೇನೂ ತಂದಿಲ್ಲ, ನಮ್ಮದನ್ನೇ ಬಳಸುತ್ತಿದೆ. ತೊಡಕು ಇರುವುದೇ ಅಲ್ಲಿ.

ಅತ್ತೆಗೆ ರೇಡಿಯೇಷನ್ ಹೇಳಿದ್ದರೆ ತಪ್ಪಿಸಬೇಡಿ. ತಂಬಾಕಿನ ಡಬ್ಬಿ ಮನೆಯಲ್ಲೇ ಇರಬಾರದು.

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತಿದ್ದಾರೆ. ಬೆರಳ ತುದಿ, ಪಾದ ಜೋಮು ಹಿಡಿಯುತ್ತವೆ. ಅಂಗಳದ ನಿತ್ಯಪುಷ್ಪದಿಂದಲೂ ಕ್ಯಾನ್ಸರ್ ಔಷಧಿ ಮಾಡುತ್ತಾರಂತೆ. ಅದರ ಎಲೆ ಕುದಿಸಿ ಕುಡಿಸಬಹುದಾ?
— ಓದುಗರು, ಗಂಗಾವತಿ

ಉತ್ತರ: ಪ್ಯಾಕ್ಲಿಟ್ಯಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ಮನ್ಸುಖ್ ವಾನಿ. ಅದು ಮೈಕ್ರೋಟ್ಯೂಬ್ಯೂಲ್‌ಗಳನ್ನು ಬಿಚ್ಚದಂತೆ ಬಿಗಿದುಬಿಡುತ್ತದೆ ಎಂದು ಅಮೆರಿಕದ ವಿಜ್ಞಾನಿ ಸೂಸನ್ ಹಾರ್ವಿಟ್ಜ್ ತಂಡ 1979ರಲ್ಲಿ ತೋರಿಸಿತು. ಕೋಶ ಎರಡಾಗುವಾಗ ಕ್ರೋಮೊಸೋಮುಗಳನ್ನು ಬೇರೆ ಮಾಡುವುದು ಈ ಕೊಳವೆಗಳೇ. ಬಿಗಿದರೆ ಆ ಕೆಲಸ ಕೆಡುತ್ತದೆ, ಕೋಶ ಸಾಯುತ್ತದೆ. ಆದರೆ ನರಗಳ ಉದ್ದಕ್ಕೂ ಸಾಮಾನು ಸಾಗುವುದೂ ಇವುಗಳ ಮೇಲೆಯೇ. ಅದಕ್ಕೇ ಉದ್ದನೆಯ ನರ ಮುಗಿಯುವ ಪಾದದಲ್ಲಿ ಜೋಮು. ಸುಮ್ನೆ ಸಹಿಸಿಕೊಳ್ಳದೆ ಮುಂದಿನ ಇಂಜೆಕ್ಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಲಿ. ಬೇಕಿದ್ದರೆ ಡೋಸ್ ಬದಲಿಸುತ್ತಾರೆ.

ಎಲೆಯ ಕಷಾಯ ಖಂಡಿತ ಬೇಡ. ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ತೆಗೆಯುವುದು ನಿಜ. ಅವೂ ಈ ಕೊಳವೆಗಳನ್ನೇ ಕೆಡಿಸುವ ವಿಷಗಳು. ಎಲೆಯಲ್ಲಿ ಅವು ಇರುವುದು ಅತಿ ಕಡಿಮೆ, ಜೊತೆಗೆ ಬೇರೆ ಹತ್ತಾರು ರಾಸಾಯನಿಕಗಳು. ಒಂದು ಲೋಟಕ್ಕೆ ಯಾವುದು ಎಷ್ಟು ಇಳಿಯಿತೆಂದು ಅಳೆಯುವವರು ಯಾರು? ಆಗಲೇ ಕುಡಿಸಿದ್ದರೆ ಅದನ್ನೂ ಡಾಕ್ಟರಿಗೆ ತಿಳಿಸಿ, ಬೈಯುತ್ತಾರೆಂದು ಮುಚ್ಚಿಡಬೇಡಿ.