ಫೈಬರ್ ಸರಿಹೋದರೂ ಇಆರ್‌ಪಿಎಸ್ ಪೋರ್ಟ್ ಐದು ನಿಮಿಷ ಬ್ಲಾಕ್ ಏಕೆ?

ನಿಮ್ಮ ಆರು ಸ್ವಿಚ್‌ಗಳ ರಿಂಗ್‌ನಲ್ಲಿ ಕಡಿದ ಫೈಬರ್ ಜೋಡಿಸಿದ ಮೇಲೂ ಆ ಪೋರ್ಟ್ ಐದು ನಿಮಿಷ ಬ್ಲಾಕ್ ಆಗೇ ಇತ್ತು, ಸ್ವಿಚ್ ಕೆಟ್ಟಿದೆಯೇ, ಆ ಪೋರ್ಟನ್ನು ಕೈಯಾರೆ ತೆರೆಯಬಹುದೇ ಎಂದು ಕೇಳಿದ್ದೀರಿ. ಕೆಟ್ಟಿಲ್ಲ, ಇಆರ್‌ಪಿಎಸ್ (ಈಥರ್ನೆಟ್ ರಿಂಗ್‌ನಲ್ಲಿ ಫ್ರೇಮ್‌ಗಳು ಕೊನೆಯಿಲ್ಲದೆ ಸುತ್ತದಂತೆ, ಅಂದರೆ ಲೂಪ್ ಆಗದಂತೆ, ತಡೆಯುವ ವ್ಯವಸ್ಥೆ) ಹಾಗೇ ಕೆಲಸ ಮಾಡಬೇಕು.

ಐಪಿ ಪ್ಯಾಕೆಟ್‌ಗೆ ಟಿಟಿಎಲ್ (ಎಷ್ಟು ಸಲ ಮುಂದಕ್ಕೆ ಸಾಗಬಹುದು ಎಂಬ ಮಿತಿ) ಇದೆ, ಸುತ್ತಿ ಸುತ್ತಿ ಕೊನೆಗೆ ಸಾಯುತ್ತದೆ. ಈಥರ್ನೆಟ್ ಫ್ರೇಮ್‌ಗೆ ಅದಿಲ್ಲ. ರಿಂಗ್ ಪೂರ್ತಿ ತೆರೆದಿದ್ದರೆ ಒಂದೇ ಒಂದು ಬ್ರಾಡ್‌ಕಾಸ್ಟ್ ನಿಲ್ಲದೆ ತಿರುಗಿ ಇಡೀ ನೆಟ್‌ವರ್ಕ್ ಮಲಗಿಸುತ್ತದೆ. ಅದಕ್ಕೇ ಇಆರ್‌ಪಿಎಸ್‌ನ ಮಾನದಂಡವಾದ ಜಿ.8032ರಲ್ಲಿ ಓನರ್ ಸ್ವಿಚ್ ಆರ್‌ಪಿಎಲ್ ಎಂಬ ಒಂದು ಲಿಂಕನ್ನು ಮುಚ್ಚಿಟ್ಟಿರುತ್ತದೆ. ಬೇರೆಡೆ ಫೈಬರ್ ಕಡಿದರೆ ಪಕ್ಕದ ಸ್ವಿಚ್‌ಗಳು ಆರ್-ಎಪಿಎಸ್ ಎಂಬ ರಿಂಗ್ ನಿಯಂತ್ರಣ ಸಂದೇಶ ಕಳಿಸುತ್ತವೆ, ಆರ್‌ಪಿಎಲ್ ತೆರೆಯುತ್ತದೆ. ಗುರಿ 50 ಮಿಲಿಸೆಕೆಂಡ್.

ದುರಸ್ತಿಯಾದ ಕ್ಷಣವೇ ಆ ಲಿಂಕನ್ನೂ ತೆರೆದರೆ ಲೂಪ್ ಖಚಿತ, ಆರ್‌ಪಿಎಲ್ ಇನ್ನೂ ತೆರೆದೇ ಇದೆಯಲ್ಲ! ಹಾಗಾಗಿ ಕನಿಷ್ಠ ಒಂದು ತುದಿ ಬ್ಲಾಕ್ ಆಗಿಯೇ ಉಳಿಯುತ್ತದೆ. ಓನರ್ ಡಬ್ಲ್ಯುಟಿಆರ್ (ದುರಸ್ತಿಯ ನಂತರ ಕಾಯುವ) ಟೈಮರ್ ಮುಗಿಯುವವರೆಗೆ ಕಾದು, ಆರ್‌ಪಿಎಲ್ ಮುಚ್ಚಿ, ಆಮೇಲಷ್ಟೇ ಉಳಿದವರಿಗೆ ತೆರೆಯಲು ಹೇಳುತ್ತದೆ. ಡೀಫಾಲ್ಟ್ ಸಾಮಾನ್ಯವಾಗಿ 5 ನಿಮಿಷ. ಸ್ಪ್ಲೈಸ್ (ಫೈಬರ್ ಜೋಡಣೆ) ಸರಿಯಿಲ್ಲದೆ ಲಿಂಕ್ ಮತ್ತೆ ಮತ್ತೆ ಬಿದ್ದೆದ್ದರೆ ರಿಂಗ್ ಕೂಡ ಅದರ ಜೊತೆ ಹೊಯ್ದಾಡಬಾರದೆಂದೇ ಈ ಕಾಯುವಿಕೆ. ನನ್ನ ಮಟ್ಟಿಗೆ ಇದನ್ನು ಕಡಿಮೆ ಮಾಡುವುದು ಬೇಡ.

ಹಳೇ ದಾರಿಗೆ ಮರಳುವಾಗಿನ ಚಿಕ್ಕ ಅಡಚಣೆಯೂ ಬೇಡವೆಂದರೆ ನಾನ್-ರಿವರ್ಟಿವ್ ಮೋಡ್ (ದುರಸ್ತಿಯಾದರೂ ತಾನಾಗಿ ಹಳೇ ದಾರಿಗೆ ಮರಳದ ಬಗೆ) ಹಾಕಿ. ಎರಡನೆಯ ಪ್ರಶ್ನೆಗೆ: ಆ ಪೋರ್ಟ್‌ನಲ್ಲಿ ಇಆರ್‌ಪಿಎಸ್ ತೆಗೆದು ಕೈಯಾರೆ ತೆರೆಯಬೇಡಿ, ದಯವಿಟ್ಟು. ಆರ್-ಎಪಿಎಸ್ ವಿಎಲ್ಎಎನ್ (ಆ ಸಂದೇಶಗಳು ಸಾಗುವ ಪ್ರತ್ಯೇಕ ವರ್ಚುಯಲ್ ಲ್ಯಾನ್) ಆರೂ ಸ್ವಿಚ್‌ಗಳ ಎರಡೂ ರಿಂಗ್ ಪೋರ್ಟ್‌ಗಳಲ್ಲಿ ಇದೆಯೇ ಎಂದು ಮಾತ್ರ ಇವತ್ತೇ ನೋಡಿ.