‘ಅವನಿಗೆ ಸಂಸಾರ ಇದೆ’ ಅಂದರೆ ಸಂಬಳದ ಲೆಕ್ಕ ಮುಗಿಯಿತೇ?

ಪ್ರಶ್ನೆ: ಮೇಡಂ, ನಮಸ್ಕಾರ. ಒಂದು ಟೈಲ್ಸ್ ಅಂಗಡಿಯಲ್ಲಿ 6 ವರ್ಷದಿಂದ ಬಿಲ್ಲಿಂಗ್ ಮಾಡುತ್ತಿದ್ದೇನೆ. ಸಂಬಳ 14,500. ಹೋದ ಯುಗಾದಿಗೆ ಸೇರಿದ ಹುಡುಗನಿಗೆ 18,000. ಪಕ್ಕಪಕ್ಕದ ಟೇಬಲ್, ಒಂದೇ ಕೆಲಸ. ಅವನಿಗೆ ಕಲಿಸಿದವಳೂ ನಾನೇ. ಕೇಳಿದ್ದಕ್ಕೆ ಮಾಲೀಕರು, ‘ಅವನು ಗಂಡಸು, ಸಂಸಾರ ನಡೆಸಬೇಕು. ನಿನಗೆ ಗಂಡ ದುಡಿದು ಹಾಕ್ತಾನಲ್ಲ? ಹೊತ್ತಾದರೆ ಅವನು ಗೋಡೌನ್‌ಗೂ ಹೋಗ್ತಾನೆ’ ಅಂದರು. ಕಾಗದದ ಮೇಲೆ ಅವನು ‘ಸೇಲ್ಸ್ ಎಕ್ಸಿಕ್ಯೂಟಿವ್’, ನಾನು ‘ಬಿಲ್ಲಿಂಗ್ ಅಸಿಸ್ಟೆಂಟ್’. ಕೆಲಸ ಬಿಡುವ ಸ್ಥಿತಿಯಲ್ಲಿಲ್ಲ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ‘ಕಲಿಸಿದವಳೂ ನಾನೇ’ ಅನ್ನುವ ಮಾತು ಮನಸ್ಸಿಗೆ ನಾಟಿತು. ವಕೀಲಿಕೆಯ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಎಷ್ಟು ಹೆಣ್ಣುಮಕ್ಕಳ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ನಿಮ್ಮ ಮಾಲೀಕರ ಮೊದಲ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಕಾನೂನು ನೋಡುವುದು ಕೆಲಸವನ್ನು. ಮನೆಯಲ್ಲಿ ಎಷ್ಟು ಜನ ಇದ್ದಾರೆ, ಗಂಡ ದುಡಿಯುತ್ತಾನಾ ಅನ್ನುವುದನ್ನಲ್ಲ. ಸಮಾನ ವೇತನಕ್ಕೆಂದೇ 1976ರಲ್ಲಿ ಒಂದು ಕಾಯ್ದೆ ಬಂದಿತ್ತು. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಈ ಸಂಹಿತೆ ಜಾರಿಯಲ್ಲಿದೆ. ಒಬ್ಬನೇ ಮಾಲೀಕನ ಕೈಕೆಳಗೆ ಒಂದೇ ಕೆಲಸ ಅಥವಾ ಅದೇ ಬಗೆಯ ಕೆಲಸ ಮಾಡುವವರ ನಡುವೆ ಗಂಡು, ಹೆಣ್ಣು ಅಂತ ಸಂಬಳದಲ್ಲಿ ಭೇದ ಮಾಡುವಂತಿಲ್ಲ ಎಂದು ಅದರ 3ನೇ ಕಲಂ ಹೇಳುತ್ತದೆ.

ನಿಮ್ಮ ಮಾಲೀಕರು ಬಲವಾಗಿ ಹಿಡಿಯುವುದು ಡೆಸಿಗ್ನೇಷನ್ ಮತ್ತು ಗೋಡೌನ್ ಎರಡನ್ನೇ. ಇದಕ್ಕೆ ಮುಂಬೈಯ ಆಡ್ರಿ ಡಿಕೋಸ್ಟಾ ಅವರ ಕೇಸು ಹೇಳುತ್ತೇನೆ. ಮೆಕಿನಾನ್ ಮೆಕೆಂಜಿ ಅನ್ನುವ ಕಂಪನಿಯಲ್ಲಿ ಅವರು ಸ್ಟೆನೋಗ್ರಾಫರ್ ಆಗಿದ್ದರು. ಗಂಡಸರೂ ಅಲ್ಲಿ ಸ್ಟೆನೋ ಆಗಿದ್ದರು, ಅವರಿಗೆ ಸಂಬಳ ಜಾಸ್ತಿ. ಹೆಂಗಸರು ದೊಡ್ಡ ಅಧಿಕಾರಿಗಳ ಹತ್ತಿರ ಕೆಲಸ ಮಾಡುವ ‘ಕಾನ್ಫಿಡೆನ್ಷಿಯಲ್ ಲೇಡಿ ಸ್ಟೆನೋಗ್ರಾಫರ್’ಗಳು, ಅದು ಬೇರೆಯೇ ವರ್ಗ ಎಂದು ಕಂಪನಿ ವಾದಿಸಿತು. ಯೂನಿಯನ್ ಜೊತೆ ಒಪ್ಪಂದವಾಗಿದೆ ಎಂದಿತು. ಎಲ್ಲರಿಗೂ ಸಮ ಕೊಡುವಷ್ಟು ದುಡ್ಡಿಲ್ಲ ಎಂದೂ ಹೇಳಿತು. 1987ರಲ್ಲಿ ಸುಪ್ರೀಂ ಕೋರ್ಟ್ ಈ ಯಾವುದನ್ನೂ ಒಪ್ಪಲಿಲ್ಲ. ಹುದ್ದೆಗೆ ಇಟ್ಟ ಹೆಸರನ್ನು ಬದಿಗಿಟ್ಟು ಅವರು ನಿಜವಾಗಿ ಮಾಡುವ ಕೆಲಸವನ್ನು ನೋಡಿತು. ಚಿಕ್ಕಪುಟ್ಟ ವ್ಯತ್ಯಾಸ ಎಣಿಸುತ್ತಾ ಕೂರಬಾರದು ಎಂದಿತು. ಕಂಪನಿಗೆ ಕೊಡುವ ಶಕ್ತಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ 1976ರ ಆ ಕಾಯ್ದೆ ನಿಂತಿಲ್ಲ ಎಂದೂ ಹೇಳಿತು. ಆ ತೀರ್ಪು ಕೊಟ್ಟವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಮುಂದೆ 1989ರಲ್ಲಿ ಅವರು ಮುಖ್ಯ ನ್ಯಾಯಮೂರ್ತಿಯೂ ಆದರು. ಡಿಕೋಸ್ಟಾ ಕೇಳಿದ್ದು ಕೆಲವೇ ತಿಂಗಳ ಬಾಕಿ, 7 ಸಾವಿರ ಚಿಲ್ಲರೆ ರೂಪಾಯಿ. ಅಷ್ಟಕ್ಕೆ ಸುಪ್ರೀಂ ಕೋರ್ಟಿನ ತನಕ ಪಟ್ಟು ಬಿಡದ ಆ ತಾಯಿಯನ್ನು ನೆನೆದಾಗೆಲ್ಲ ನನಗೆ ಹೆಮ್ಮೆ.

ಹಾಗಾಗಿ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ನೀವೆಷ್ಟು ಬಿಲ್ ಮಾಡಿದಿರಿ, ಅವನೆಷ್ಟು ಮಾಡಿದ. ಅವನು ಗೋಡೌನ್‌ಗೆ ಯಾವಾಗ ಹೋದ, ಎಷ್ಟು ಹೊತ್ತು ಇದ್ದ, ಅಲ್ಲಿ ಏನು ಮಾಡಿದ. ಬಾಕ್ಸ್ ಎತ್ತುವವರು ಹಮಾಲರೇ ಆಗಿದ್ದು, ಅವನು ತಿಂಗಳಿಗೆ ಎರಡು ಸಲ ಸುಮ್ನೆ ಎಣಿಸಿ ಬಂದರೆ ಅದು 3,500 ರೂಪಾಯಿಯ ವ್ಯತ್ಯಾಸ ಆಗುವುದಿಲ್ಲ. ದಿನಾ ರಾತ್ರಿ ಸ್ಟಾಕಿನ ಜವಾಬ್ದಾರಿ ಪೂರ್ತಿ ಅವನ ಮೇಲಿದ್ದರೆ ಮಾತ್ರ ಮಾಲೀಕರ ವಾದಕ್ಕೆ ಸ್ವಲ್ಪ ತೂಕ ಬರುತ್ತದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಬಿಲ್ಲಿನ ಮೇಲೆ ಯಾರ ಲಾಗಿನ್ ಹೆಸರು ಬರುತ್ತದೆ ನೋಡಿ. ನಿಮ್ಮ ಪಾಲಿಗೆ ಅದೇ ದೊಡ್ಡ ಸಾಕ್ಷಿ. ಸಂಬಳದ ಚೀಟಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಜೊತೆಗೆ ನಿಮ್ಮ 14,500 ಕನಿಷ್ಠ ವೇತನಕ್ಕಿಂತಲೇ ಕಡಿಮೆ ಇದೆಯಾ ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಎಷ್ಟೋ ಸಲ ಎರಡೂ ತಪ್ಪು ಒಟ್ಟಿಗೇ ಇರುತ್ತವೆ.

ಆಮೇಲೆ ಮಾಲೀಕರಿಗೆ ಒಂದು ಪತ್ರ ಬರೆಯಿರಿ. ಜಗಳದ ಧಾಟಿ ಬೇಡ. ‘ಒಂದೇ ಕೆಲಸಕ್ಕೆ ನನಗೂ ಅಷ್ಟೇ ಸಂಬಳ ಕೊಡಿ’ ಅಂತ ಐದಾರು ಸಾಲು ಸಾಕು. ವಾಟ್ಸ್ಯಾಪಿನಲ್ಲಾದರೂ ಕಳಿಸಿ, ದಾಖಲೆ ಉಳಿಯಬೇಕು. ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ ಅರ್ಜಿ ಕೊಡಿ. 3 ವರ್ಷದೊಳಗಿನ ಬಾಕಿ ಕೇಳಬಹುದು. ಬಾಕಿಯ ಜೊತೆ ಅದರ 10 ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅಲ್ಲಿನ ಪ್ರಾಧಿಕಾರಕ್ಕಿದೆ. ಕೆಲಸ ಹೋದೀತು ಅನ್ನುವ ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ಅಂಗಡಿಯಲ್ಲಿ ಬೇರೆ ಹೆಣ್ಣುಮಕ್ಕಳಿದ್ದರೆ ಎಲ್ಲರೂ ಸೇರಿ ಒಂದೇ ಅರ್ಜಿ ಕೊಡಬಹುದು. ನೀವು ಯೂನಿಯನ್ ಸದಸ್ಯರಾಗಿದ್ದರೆ ನಿಮ್ಮ ಪರವಾಗಿ ಅವರೂ ಕೊಡಬಹುದು.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಡಿಮೆ ಕೊಡುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಈಗ ಬಟವಾಡೆ ಮಾಡುವವನು ನಾನು. ಇದೂ ತಪ್ಪಾ?
– ಒಬ್ಬ ಓದುಗ, ಕೊಪ್ಪ

ಉತ್ತರ: ಕೊಡುವ ಜಾಗದಲ್ಲಿ ಕೂತವರು ಈ ಪ್ರಶ್ನೆ ಕೇಳುವುದು ಅಪರೂಪ. ನಿಮ್ಮ ಬಗ್ಗೆ ಗೌರವ ಬಂತು.

ಮರ ಹತ್ತಿ ಕೊನೆ (ಅಡಿಕೆ ಗೊನೆ) ತೆಗೆಯುವವರಿಗೆ, ಔಷಧಿ ಹೊಡೆಯುವವರಿಗೆ ಜಾಸ್ತಿ ಕೊಡಿ, ಅದು ಬೇರೆ ಕಸುಬು, ಜೀವದ ಅಪಾಯವೂ ಇದೆ. ಆದರೆ ಕಳೆ ತೆಗೆಯುವಾಗ, ಗೊಬ್ಬರ ಹಾಕುವಾಗ, ಸೊಪ್ಪು ಹೊರುವಾಗ ಇಬ್ಬರೂ ಒಟ್ಟಿಗೇ ಇರುತ್ತಾರಲ್ವಾ? ಅಲ್ಲಿ ಎರಡು ಕೂಲಿ ತಪ್ಪು. ದಿನಗೂಲಿಯವರಿಗೂ ಸಮಾನ ವೇತನದ ಹಕ್ಕಿದೆ. ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಿದ ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಬಂದದ್ದನ್ನು ನಿಮ್ಮ ಊರಲ್ಲೂ ನೋಡಿರುತ್ತೀರಿ.

ನನ್ನ ಅಮ್ಮ ದಾವಣಗೆರೆ ಕಡೆ, ಭದ್ರಾ ನಾಲೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ಕುಯ್ಲಿಗೆ ಹೋಗುತ್ತಿದ್ದಳು. ಕುಡುಗೋಲು ಒಂದೇ, ಸಾಲೂ ಒಂದೇ. ಸಂಜೆ ಅವಳ ಕೈಗೆ 8 ರೂಪಾಯಿ, ಪಕ್ಕದ ಸಾಲಿನ ಮಾವನಿಗೆ 12. ಆ 4 ರೂಪಾಯಿ ನನ್ನ ನೋಟ್‌ಬುಕ್ಕಿನ ದುಡ್ಡು. ಅದಕ್ಕಾಗಿ ಅಮ್ಮ ರಾತ್ರಿ ಬೀಡಿ ಕಟ್ಟುತ್ತಿದ್ದಳು.

ಇನ್ನೊಂದು ಮಾತು. ಸಮ ಮಾಡುತ್ತೇನೆ ಅಂತ ಗಂಡಾಳಿನ ಕೂಲಿ ಇಳಿಸುವಂತಿಲ್ಲ, ಅದಕ್ಕೂ ಕಾನೂನಿನಲ್ಲಿ ತಡೆ ಇದೆ. ಹೆಣ್ಣಾಳಿನದನ್ನೇ ಮೇಲಕ್ಕೆ ತರಬೇಕು. ಬರುವ ಬಟವಾಡೆಯ ದಿನ ಪುಸ್ತಕದಲ್ಲಿ ‘ಗಂಡಾಳು’, ‘ಹೆಣ್ಣಾಳು’ ಎನ್ನುವ ಎರಡು ಕಾಲಂ ತೆಗೆದು ‘ಕಳೆ’, ‘ಗೊಬ್ಬರ’, ‘ಕೊನೆ’ ಅಂತ ಬರೆಯಿರಿ. ಹೆಸರು ಅದರ ಮುಂದೆ ಬರಲಿ.